ಆಕಾಶದಿಂದ ನೀರಿನ ಪರೀಕ್ಷೆ

ಕೆರೆಯ ನೀರು ಕೆಟ್ಟಿದೆಯೇ ಎಂದು ತಿಳಿಯಲು ನಾವು ಮೊದಲು ಅದರ ಬಣ್ಣವನ್ನು ನೋಡುತ್ತೇವೆ. ನೂರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವೂ ಇದನ್ನೇ ಮಾಡುತ್ತದೆ. ವಸ್ತುವನ್ನು ಮುಟ್ಟದೆ ದೂರದಿಂದಲೇ ಅದರ ಗುಣವನ್ನು ಅರಿಯುವ ಈ ವಿಧಾನಕ್ಕೆ ದೂರಸಂವೇದನೆ ಎಂದು ಹೆಸರು.

ಶುದ್ಧ ನೀರು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬಹುತೇಕ ಹೀರಿಕೊಳ್ಳುತ್ತದೆ. ಆದ್ದರಿಂದ ಆ ಕಿರಣಗಳಿಂದ ತೆಗೆದ ಚಿತ್ರದಲ್ಲಿ ಅದು ಕಪ್ಪಾಗಿ ಕಾಣುತ್ತದೆ. ಪಾಚಿಯಲ್ಲಿರುವ ಪತ್ರಹರಿತ್ತು ನೀಲಿ ಮತ್ತು ಕೆಂಪು ಬೆಳಕನ್ನು ಹೀರುತ್ತದೆ. ಹಸಿರು ಬೆಳಕು ಹಿಂದಿರುಗುತ್ತದೆ. ನೀರಿನ ಮೇಲೆ ದಟ್ಟವಾಗಿ ತೇಲುವ ಪಾಚಿ ಅವಕೆಂಪು ಕಿರಣಗಳನ್ನೂ ಪ್ರತಿಫಲಿಸುವುದರಿಂದ, ಕಪ್ಪು ನೀರಿನ ನಡುವೆ ಬೆಳ್ಳಗೆ ಎದ್ದು ತೋರುತ್ತದೆ.

ಪಾಚಿಯಿಂದ ಅಪಾಯವೇನು? ಊರಿನ ಕೊಳಚೆ ಮತ್ತು ಹೊಲದ ಗೊಬ್ಬರಗಳಿಂದ ಸಾರಜನಕ, ರಂಜಕಗಳು ನೀರಿಗೆ ಸೇರಿದಾಗ ಪಾಚಿ ವಿಪರೀತವಾಗಿ ಬೆಳೆಯುತ್ತದೆ. ಅದು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನುಗಳು ಸಾಯುತ್ತವೆ. ಕೆಲವು ನೀಲಿಹಸಿರು ಪಾಚಿಗಳು ವಿಷವನ್ನೂ ಉತ್ಪಾದಿಸುತ್ತವೆ. ಅಂಥ ನೀರು ಕುಡಿದ ದನಕರುಗಳಿಗೆ ಕೇಡು ತಪ್ಪದು.

ಭಾರತವು 1988ರಲ್ಲಿ ಐ.ಆರ್.ಎಸ್.-1ಎ ಎಂಬ ದೂರಸಂವೇದಿ ಉಪಗ್ರಹವನ್ನೂ, 1999ರಲ್ಲಿ ಸಮುದ್ರದ ಬಣ್ಣವನ್ನು ಅಳೆಯುವ ಓಷನ್‌ಸ್ಯಾಟ್-1ನ್ನೂ ಹಾರಿಸಿತು. ಯೂರೋಪಿನ ಸೆಂಟಿನೆಲ್-2 ಮಾಲೆಯ ಮೊದಲ ಉಪಗ್ರಹ 2015ರಲ್ಲಿ ಹಾರಿತು. ಈ ಮಾಲೆಯ ಉಪಗ್ರಹಗಳು ಒಂದೇ ಸ್ಥಳವನ್ನು ಸುಮಾರು 5 ದಿನಗಳಿಗೊಮ್ಮೆ ನೋಡುತ್ತವೆ. ಅವುಗಳ ಚಿತ್ರದ ಒಂದು ಚುಕ್ಕೆ ನೆಲದ ಮೇಲಿನ 10 ಮೀಟರ್ ಚೌಕಕ್ಕೆ ಸಮ. ಆದರೆ ಮೋಡ ಕವಿದರೆ ಏನೂ ಕಾಣದು.

ಇನ್ನೊಂದು ಮಿತಿಯೂ ಉಂಟು. ಕುನ್ನತ್ತೂರಿನ ದಕ್ಷಿಣಕ್ಕೆ ಹರಿಯುವ ನೊಯ್ಯಲ್ ನದಿ ಅದಕ್ಕೆ ಉದಾಹರಣೆ. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರುಗಳನ್ನು ದಾಟಿ ಇದು ಕಾವೇರಿಯನ್ನು ಸೇರುತ್ತದೆ. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ಉಪ್ಪು ನೀರು ಒರತ್ತುಪಾಳೆಯಂ ಅಣೆಕಟ್ಟಿನಲ್ಲಿ ನಿಂತು, ಸುತ್ತಲಿನ ಹೊಲ ಬಾವಿಗಳನ್ನು ಕೆಡಿಸಿತು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಆ ಕಾರ್ಖಾನೆಗಳನ್ನು ಮುಚ್ಚಲು ಆಜ್ಞೆ ಮಾಡಿತು.

ಇಂಥ ನದಿಯ ಪಾಚಿಯನ್ನೂ ಕೆಸರನ್ನೂ ಉಪಗ್ರಹ ಗುರುತಿಸಬಲ್ಲದು. ಆದರೆ ಕರಗಿದ ಉಪ್ಪು ನೀರಿನ ಬಣ್ಣವನ್ನು ಬದಲಿಸುವುದಿಲ್ಲ. ಚಿತ್ರದಲ್ಲಿ ತಿಳಿಯಾಗಿ ತೋರುವ ನೀರು ಬೆಳೆಯನ್ನು ಒಣಗಿಸುವಷ್ಟು ಉಪ್ಪಾಗಿರಬಹುದು. ಅದನ್ನು ತಿಳಿಯಲು ಸೀಸೆಯಲ್ಲಿ ನೀರು ತಂದು, ಅದರ ವಿದ್ಯುದ್ವಾಹಕತೆಯನ್ನು ಅಳೆಯಬೇಕು. ಉಪ್ಪು ಹೆಚ್ಚಿದಷ್ಟೂ ಅದು ಹೆಚ್ಚುತ್ತದೆ.

ಎಲ್ಲಿ, ಯಾವಾಗ ಪರೀಕ್ಷಿಸಬೇಕೆಂಬುದನ್ನು ಉಪಗ್ರಹ ಸೂಚಿಸುತ್ತದೆ. ನೀರಿನಲ್ಲಿ ಏನಿದೆ ಎಂಬುದನ್ನು ಪ್ರಯೋಗಶಾಲೆ ಹೇಳುತ್ತದೆ. ನದಿಯನ್ನು ಕಾಪಾಡಲು ಇವೆರಡೂ ಬೇಕು. ಸೀಸೆ ಹಿಡಿದು ದಡಕ್ಕೆ ಹೋಗುವ ವಿದ್ಯಾರ್ಥಿಗಳೂ ಬೇಕು.