ಪಂಪಿನ ಡೀಸೆಲ್ ಎಂಜಿನ್ ಬಿಸಿಯೇರಿದಾಗ

ಮುಸುಕಿನ ಜೋಳ ಸೂಲಂಗಿ ಬಿಟ್ಟು ರೇಷ್ಮೆ ಹೊರಡುವ ವೇಳೆಗೆ ನೆಲದಲ್ಲಿ ತೇವ ಸಾಲದೆ ಹೋದರೆ ಕಾಳು ಸರಿಯಾಗಿ ಕಟ್ಟುವುದಿಲ್ಲ. ಆಮೇಲೆ ಎಷ್ಟು ನೀರು ಹಾಯಿಸಿದರೂ ಹೋದ ಕಾಳು ತಿರುಗಿ ಬಾರದು. ಭತ್ತ ಹೊಡೆ ತುಂಬುವ ಹಂತವೂ ಹೀಗೆಯೇ. ಪಂಪಿನ ಎಂಜಿನ್ ಹೆಚ್ಚು ಹೊತ್ತು ಓಡುವುದು ಇಂಥ ವಾರಗಳಲ್ಲೇ, ಬಿಸಿಯೇರಿ ಪಿಸ್ಟನ್ ಹಿಡಿದುಕೊಳ್ಳುವುದೂ ಆಗಲೇ. ಆಗ ಹೋಗುವುದು ದುರಸ್ತಿಯ ಹಣ ಮಾತ್ರವಲ್ಲ, ಬೆಳೆಯೂ ಹೋಗುತ್ತದೆ. ಬೇಸಾಯಶಾಸ್ತ್ರದವರು ಎಂಜಿನ್ನಿನ ಮಾತಿಗೆ ಬರಬೇಕಾಗಿರುವುದು ಇದಕ್ಕಾಗಿ.

ಉರಿದ ಡೀಸೆಲ್ಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ನೀರೆತ್ತುವ ಕೆಲಸಕ್ಕೆ ಸಿಗುತ್ತದೆ. ಇನ್ನೊಂದು ಭಾಗ ಹೊಗೆಯೊಡನೆ ಹೊರಹೋಗುತ್ತದೆ. ಉಳಿದುದನ್ನು ಸಿಲಿಂಡರಿನ ಸುತ್ತಲಿನ ನೀರು ಹೊತ್ತೊಯ್ಯಬೇಕು. ಸಿಲಿಂಡರಿನೊಳಗೆ ಉರಿಯುವ ಅನಿಲದ ಶಾಖವು ಎರಕದ ಕಬ್ಬಿಣ ಕರಗುವ ಶಾಖಕ್ಕಿಂತಲೂ ಹೆಚ್ಚು. ಆದರೂ ಕಬ್ಬಿಣ ಉಳಿದುಕೊಂಡಿರುವುದು ಈ ನೀರಿನಿಂದ.

ಮೊದಲು ನೀರು ಬರುತ್ತಿದೆಯೇ ನೋಡಿ

ನಮ್ಮ ತೋಟಗಳಲ್ಲಿ ಎರಡು ಬಗೆಯ ಏರ್ಪಾಡು ಕಾಣುತ್ತೇವೆ. ಒಂದು, ಪಂಪಿನ ವಿತರಣಾ ಕೊಳವೆಯಿಂದ ಸಣ್ಣ ಕೊಳವೆ ತೆಗೆದು ಎಂಜಿನ್ನಿನ ಮೂಲಕ ಹಾಯಿಸಿ ಹೊರಬಿಡುವುದು. ಇನ್ನೊಂದು, ಪಕ್ಕದಲ್ಲಿ ತೊಟ್ಟಿ ಅಥವಾ ಡ್ರಮ್ ಇಟ್ಟು ಅದೇ ನೀರು ಸುತ್ತುವಂತೆ ಮಾಡುವುದು.

ಮೊದಲನೆಯದರಲ್ಲಿ ಎಂಜಿನ್ನಿನ ಪ್ರಾಣ ಪಂಪಿನ ಕೈಯಲ್ಲಿರುತ್ತದೆ. ಬೇಸಿಗೆಯಲ್ಲಿ ಬಾವಿಯ ಮಟ್ಟ ಇಳಿದು ಪಂಪು ಗಾಳಿ ಎಳೆದರೆ, ಇಲ್ಲವೆ ಫುಟ್ ವಾಲ್ವಿಗೆ ಕಸ ಸಿಕ್ಕರೆ, ಕಾಲುವೆಗೆ ನೀರು ನಿಲ್ಲುವ ಹೊತ್ತಿಗೆ ಎಂಜಿನ್ನಿಗೂ ನಿಂತಿರುತ್ತದೆ. ರಾತ್ರಿ ಎಂಜಿನ್ ಹಚ್ಚಿ ಮಲಗುವವರು ಇದನ್ನು ನೆನಪಿನಲ್ಲಿಡಬೇಕು. ಹೊರಬರುವ ನೀರನ್ನು ನೇರವಾಗಿ ಕಾಲುವೆಯೊಳಕ್ಕೆ ಮುಳುಗಿಸದೆ, ಕಣ್ಣಿಗೆ ಕಾಣುವಂತೆ ಆಲಿಕೆಯೊಂದಕ್ಕೆ ಬೀಳಿಸಿ. ದೂರದಿಂದಲೇ ಧಾರೆ ಕಂಡರೆ ಅರ್ಧ ಚಿಂತೆ ತಪ್ಪಿತು.

ತೊಟ್ಟಿಯ ಏರ್ಪಾಡಿನಲ್ಲಿ ಬಿಸಿನೀರು ಹಗುರವಾಗಿ ಮೇಲೇರಿ, ತಣ್ಣೀರು ಕೆಳಗಿನಿಂದ ಬರುತ್ತದೆ. ಇದನ್ನು ತಳ್ಳುವ ಯಂತ್ರ ಬೇರೆ ಇಲ್ಲ. ಆದ್ದರಿಂದ ತೊಟ್ಟಿಯ ನೀರು ಮೇಲಿನ ಕೊಳವೆಯ ಬಾಯಿಗಿಂತ ಕೆಳಗಿಳಿದರೆ ಸುತ್ತುವುದೇ ನಿಲ್ಲುತ್ತದೆ. ಮೇಲಿನ ಕೊಳವೆ ಎಂಜಿನ್ನಿನಿಂದ ತೊಟ್ಟಿಯವರೆಗೆ ಏರುತ್ತಲೇ ಹೋಗಬೇಕು, ನಡುವೆ ಬಾಗಿ ಇಳಿಯಬಾರದು. ಡ್ರಮ್ಮಿನಲ್ಲಿ ಅರ್ಧ ನೀರಿದೆ ಎಂದು ಸುಮ್ಮನಿರುವವರೇ ಹೆಚ್ಚಾಗಿ ಎಂಜಿನ್ ಸುಟ್ಟುಕೊಳ್ಳುತ್ತಾರೆ.

ಹಂಡೆಯಲ್ಲಿ ಕಟ್ಟುವುದು ಎಂಜಿನ್ನಿನಲ್ಲಿಯೂ ಕಟ್ಟುತ್ತದೆ

ನೀರು ಬರುತ್ತಿದ್ದರೂ ಎಂಜಿನ್ ಕಾದರೆ ನಿಮ್ಮ ಬಚ್ಚಲ ಹಂಡೆಯನ್ನು ನೋಡಿ. ಅದರೊಳಗೆ ಬಿಳಿಯ ಹಕ್ಕಳೆ ಕಟ್ಟಿದ್ದರೆ, ಅದೇ ನೀರು ಎಂಜಿನ್ನಿನೊಳಗೂ ಹಾಗೆಯೇ ಮಾಡಿರುತ್ತದೆ. ಗಡಸು ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಬಿಸಿಯಾದಾಗ ಗಟ್ಟಿಯಾಗಿ ಗೋಡೆಗೆ ಅಂಟುತ್ತದೆ. ಈ ಪದರ ಶಾಖವನ್ನು ಹಾಯಗೊಡುವುದರಲ್ಲಿ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕೀಳು. ಹೊರಬರುವ ನೀರು ತಣ್ಣಗೇ ಇದ್ದು ಸಿಲಿಂಡರ್ ಮಾತ್ರ ಕೆಂಡವಾಗುವುದು ಹೀಗೆ. ಕೈಗೆ ನೀರು ತಣ್ಣಗಿದೆ ಎಂದು ಮೋಸಹೋಗಬೇಡಿ.

ಪದರ ತೆಗೆಯಲು ಕೆಲವೆಡೆ ಹೈಡ್ರೋಕ್ಲೋರಿಕ್ ಆಮ್ಲ ಸುರಿಯುವ ರೂಢಿಯಿದೆ. ಅದು ಪದರದ ಜೊತೆ ಕಬ್ಬಿಣವನ್ನೂ ತಿನ್ನುತ್ತದೆ. ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ಇದಕ್ಕಿಂತ ಸೌಮ್ಯ. 10 ಲೀಟರ್ ಉಗುರು ಬೆಚ್ಚನೆಯ ನೀರಿಗೆ 500 ಗ್ರಾಂ ಕರಗಿಸಿ, ಎಂಜಿನ್ ಆರಿದ ಮೇಲೆ ಹಳೆಯ ನೀರು ತೆಗೆದು, ಕೆಳಗಿನ ದಾರಿ ಮುಚ್ಚಿ ತುಂಬಿರಿ. ನೊರೆಯೊಡನೆ ಅನಿಲ ಏಳುವುದರಿಂದ ಮೇಲಿನ ಬಾಯಿ ತೆರೆದೇ ಇರಲಿ. ಮೂರು ನಾಲ್ಕು ಗಂಟೆಯ ನಂತರ ಹೊರತೆಗೆದು ಚೆನ್ನಾಗಿ ತೊಳೆಯಿರಿ. 10 ಲೀಟರ್ ನೀರಿಗೆ 100 ಗ್ರಾಂ ವಾಷಿಂಗ್ ಸೋಡಾ ಬೆರೆಸಿ ಒಮ್ಮೆ ಜಾಲಿಸಿ, ಮತ್ತೆ ಬರೀ ನೀರಿನಿಂದ ತೊಳೆಯಿರಿ. ರಾತ್ರಿಯಿಡೀ ಬಿಡಬಾರದು. ಅಲ್ಯುಮಿನಿಯಂ ಭಾಗಗಳಿರುವ ಎಂಜಿನ್ನಿಗೆ ತಯಾರಕರನ್ನು ಕೇಳದೆ ಏನನ್ನೂ ಹಾಕಬೇಡಿ.

ನದಿ ದಂಡೆಯವರ ತೊಂದರೆ ಬೇರೆ. ಮಳೆಗಾಲದಲ್ಲಿ ಕೃಷ್ಣೆ, ತುಂಗಭದ್ರೆ, ಕಾವೇರಿಯ ಕೆಂಪು ನೀರಿನ ರೇವೆ ಎಂಜಿನ್ನಿನ ತಳದಲ್ಲಿ ಕೂಡುತ್ತದೆ. ಕೆಳಗಿನ ತಿರುಪು ಬಿಚ್ಚಿ, ತಂತಿಯಿಂದ ಕೆದಕಿ, ರಭಸದ ನೀರು ಬಿಟ್ಟರೆ ಸಾಕು.

ಕರಾವಳಿಯ ದೋಣಿಗಳಿಂದ ಒಂದು ಪಾಠ

ಮೀನುಗಾರಿಕೆ ದೋಣಿಯ ಡೀಸೆಲ್ ಎಂಜಿನ್ ಸಮುದ್ರದ ನೀರಿನಲ್ಲೇ ತಣಿಯಬೇಕು. ಉಪ್ಪುನೀರನ್ನು ನೇರವಾಗಿ ಹಾಯಿಸಿದರೆ ತುಕ್ಕು ಒಂದು ಕಡೆ, ಸುಮಾರು 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಪ್ಪಿನ ಪದರ ಇನ್ನೊಂದು ಕಡೆ. ಆದ್ದರಿಂದ ಅನೇಕ ದೋಣಿಗಳಲ್ಲಿ ಎಂಜಿನ್ನಿನೊಳಗೆ ಸಿಹಿನೀರೇ ಸುತ್ತುತ್ತದೆ. ಸಮುದ್ರದ ನೀರು ಕೊಳವೆಗಳ ಆಚೆಯಿಂದ ಅದನ್ನು ತಣಿಸುತ್ತದೆ. ಸವಳು ಅಥವಾ ಅತಿ ಗಡಸು ನೀರಿನ ಬಾವಿಯವರು ಇದೇ ಉಪಾಯ ಮಾಡಬಹುದು: ತೊಟ್ಟಿಯ ಏರ್ಪಾಡಿಗೆ ಬದಲಾಯಿಸಿ, ಹಿಡಿದಿಟ್ಟ ಮಳೆನೀರು ತುಂಬಿರಿ. ಆವಿಯಾದಷ್ಟು ಮಾತ್ರ ಸೇರಿಸಿ. ಪದೇ ಪದೇ ಬಾವಿನೀರು ಬದಲಿಸಿದರೆ ಪ್ರತಿಸಲವೂ ಹೊಸ ಸುಣ್ಣ ತುಂಬಿದಂತೆಯೇ.

ಅತಿ ತಂಪೂ ಒಳ್ಳೆಯದಲ್ಲ

ಹೆಚ್ಚು ನೀರು ಹೋದಷ್ಟೂ ಕ್ಷೇಮವೆಂದು ಕೆಲವರು ನಲ್ಲಿಯನ್ನು ಪೂರ್ತಿ ತೆರೆದಿಡುತ್ತಾರೆ. ತಣ್ಣಗಿನ ಸಿಲಿಂಡರಿನಲ್ಲಿ ಡೀಸೆಲ್ ಸರಿಯಾಗಿ ಉರಿಯದೆ ಎಣ್ಣೆಗೆ ಸೇರುತ್ತದೆ, ಇಂಧನದ ಗಂಧಕದಿಂದ ಆಮ್ಲವಾಗಿ ಗೋಡೆ ಸವೆಯುತ್ತದೆ. ಹಾಯಿಸುವ ಏರ್ಪಾಡಿನಲ್ಲಿ ಹೊರನೀರು 50ರಿಂದ 60 ಡಿಗ್ರಿ ಇರುವಂತೆ ನಲ್ಲಿ ತಿರುಗಿಸಿ. ನಿಮ್ಮ ಎಂಜಿನ್ನಿನ ಕೈಪಿಡಿ ಬೇರೆ ಅಂಕಿ ಹೇಳಿದ್ದರೆ ಅದನ್ನೇ ಅನುಸರಿಸಿ.

ಕಾದ ಎಂಜಿನ್ನಿಗೆ ಏನು ಮಾಡಬೇಕು

ಸದ್ದು ಬದಲಾಗಿ, ವೇಗ ಕುಂದಿ, ಸುಟ್ಟ ಎಣ್ಣೆಯ ವಾಸನೆ ಬಂದರೆ ಮೊದಲು ಧಾರೆ ನೋಡಿ. ನೀರು ಬರುತ್ತಿದ್ದರೆ ವೇಗ ತಗ್ಗಿಸಿ ಕೆಲವು ನಿಮಿಷ ಓಡಿಸಿ ನಿಲ್ಲಿಸಿ. ನೀರೇ ಇಲ್ಲದಿದ್ದರೆ ತಡಮಾಡದೆ ನಿಲ್ಲಿಸಿ. ಯಾವ ಕಾರಣಕ್ಕೂ ತಣ್ಣೀರು ಸುರಿಯಬೇಡಿ, ಸಿಲಿಂಡರಿನ ತಲೆ ಸೀಳುತ್ತದೆ. ಆರಿದ ಮೇಲೆ ಎಣ್ಣೆಯ ಕಡ್ಡಿ ಎಳೆದು ನೋಡಿ: ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಒಳಹೊಕ್ಕಿದೆ, ಮೆಕ್ಯಾನಿಕ್ ಬರುವವರೆಗೆ ಮುಟ್ಟಬೇಡಿ. ನೀರು, ಎಣ್ಣೆ ಎರಡೂ ಸರಿಯಿದ್ದರೆ ಎಂಜಿನ್ನಿನ ಶಕ್ತಿಗೆ ಮೀರಿದ ಪಂಪು, ಮಸಿ ಕಟ್ಟಿದ ಹೊಗೆಕೊಳವೆ, ಹೊತ್ತು ತಪ್ಪಿದ ಇಂಧನದ ಚುಚ್ಚಿಕೆ, ಇವುಗಳಲ್ಲಿ ಒಂದನ್ನು ಶಂಕಿಸಬೇಕು.

ಹಂಗಾಮು ಮುಗಿದು ಎಂಜಿನ್ನನ್ನು ಮೂಲೆಗಿಡುವಾಗ ಒಳಗಿನ ನೀರನ್ನು ಪೂರ್ತಿ ಇಳಿಸಿ, ತಿರುಪನ್ನು ಹಿಡಿಕೆಗೆ ಕಟ್ಟಿಡಿ. ಮುಂದಿನ ಸಲ ನೀರು ತುಂಬುವ ಮೊದಲು ಅದು ಕಣ್ಣಿಗೆ ಬೀಳುತ್ತದೆ.