ಗ್ಯಾಸ್ ಗೀಸರ್‌ನೊಳಗೆ ಕಟ್ಟುವ ಸುಣ್ಣ: ಗಡಸು ನೀರಿನ ಒಂದು ಪಾಠ

ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರವನ್ನು ನಾವೆಲ್ಲ ನೋಡಿದ್ದೇವೆ. ಅದನ್ನು ಉಜ್ಜಿ ತೆಗೆಯಬಹುದು. ಅದೇ ಪದರ ಗ್ಯಾಸ್ ಗೀಸರ್‌ನ ಕೊಳವೆಯೊಳಗೆ ಕೂತರೆ ಕಣ್ಣಿಗೂ ಕಾಣದು, ಕೈಗೂ ಸಿಗದು. ರಸಾಯನಶಾಸ್ತ್ರದಲ್ಲಿ ಓದುವ ‘ತಾತ್ಕಾಲಿಕ ಗಡಸುತನ’ ಮನೆಯಲ್ಲಿ ಮಾಡುವ ಕೆಲಸವಿದು.

ಪದರ ಎಲ್ಲಿಂದ ಬರುತ್ತದೆ?

ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಕಾರ್ಬನ್ ಡೈ ಆಕ್ಸೈಡನ್ನು ಹೀರಿ ದುರ್ಬಲ ಆಮ್ಲವಾಗುತ್ತದೆ. ಅದು ಕಲ್ಲಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬೈಕಾರ್ಬನೇಟ್ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ಬಯಲುಸೀಮೆಯ ಆಳವಾದ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಕರಾವಳಿಯ ಮುರಕಲ್ಲು ನೆಲದ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು.

ನೀರು ಕಾದಾಗ ಕ್ರಿಯೆ ಹಿಮ್ಮುಖವಾಗುತ್ತದೆ:

ಕ್ಯಾಲ್ಸಿಯಂ ಬೈಕಾರ್ಬನೇಟ್ → ಕ್ಯಾಲ್ಸಿಯಂ ಕಾರ್ಬನೇಟ್ + ನೀರು + ಕಾರ್ಬನ್ ಡೈ ಆಕ್ಸೈಡ್

ಸಕ್ಕರೆ, ಪೆಟ್ಲುಪ್ಪು ಬಿಸಿನೀರಿನಲ್ಲಿ ಹೆಚ್ಚು ಕರಗುತ್ತವೆ. ಕ್ಯಾಲ್ಸಿಯಂ ಕಾರ್ಬನೇಟ್ ಹಾಗಲ್ಲ. ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುತ್ತದೆ. ಆದ್ದರಿಂದ ಅತಿ ಬಿಸಿಯಾದ ಜಾಗದಲ್ಲೇ, ಅಂದರೆ ಕೊಳವೆಯ ಗೋಡೆಗೇ ಅದು ಅಂಟುತ್ತದೆ.

ಗೀಸರ್‌ಗೆ ಆಗುವುದೇನು?

ಬರ್ನರಿನ ಮೇಲೆ ತೆಳುವಾದ ತಾಮ್ರದ ಕೊಳವೆ, ಅದರ ಸುತ್ತ ತಾಮ್ರದ ತಗಡಿನ ರೆಕ್ಕೆಗಳಿರುತ್ತವೆ. ತಾಮ್ರದ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 400 ವ್ಯಾಟ್. ಸುಣ್ಣದ ಪದರದ್ದು ಅದರ ನೂರರಲ್ಲಿ ಒಂದು ಪಾಲಿನಷ್ಟೂ ಇಲ್ಲ. ಪದರ ದಪ್ಪವಾದಂತೆ ಶಾಖ ನೀರಿಗೆ ತಲುಪದೆ ಹೊಗೆಯೊಡನೆ ಹೊರಹೋಗುತ್ತದೆ. ಗ್ಯಾಸ್ ಹೆಚ್ಚು ಉರಿಯುತ್ತದೆ, ನೀರು ಮಾತ್ರ ಉಗುರು ಬೆಚ್ಚಗೆ. ಕೊಳವೆಯೊಳಗೆ ಅಲ್ಲಲ್ಲಿ ನೀರು ಕುದಿದು ಗುಳುಗುಳು ಸದ್ದು ಕೇಳಬಹುದು.

ಇನ್ನೊಂದು ತೊಂದರೆ ಗೀಸರ್ ಹೊತ್ತಿಕೊಳ್ಳದಿರುವುದು. ಹರಿಯುವ ನೀರಿನ ಒತ್ತಡ ಒಂದು ರಬ್ಬರ್ ಪೊರೆಯನ್ನು ತಳ್ಳಿದಾಗ ಮಾತ್ರ ಗ್ಯಾಸ್ ಕವಾಟ ತೆರೆಯುತ್ತದೆ. ಹರಿವು ಕಡಿಮೆಯಾದರೆ ಉರಿ ಇಲ್ಲ. ಮೊದಲು ಬ್ಯಾಟರಿ ಸೆಲ್ ನೋಡಿ. ಬಳಿಕ ಷವರ್ ಬಿಟ್ಟು ನಲ್ಲಿಯಲ್ಲಿ ಬಿಸಿನೀರು ಬಿಡಿ. ನಲ್ಲಿಯಲ್ಲಿ ಚೆನ್ನಾಗಿ ಬಂದರೆ ಕಟ್ಟಿರುವುದು ಷವರಿನ ರಂಧ್ರ. ತಣ್ಣೀರು ಜೋರಾಗಿ ಬಂದು ಬಿಸಿನೀರು ಮಾತ್ರ ಸಣ್ಣಗೆ ಬಂದರೆ, ನೀರು ಒಳಬರುವಲ್ಲಿರುವ ಜಾಲರಿಯನ್ನೋ ಕೊಳವೆಯನ್ನೋ ಶಂಕಿಸಬೇಕು.

ಶುಚಿ ಮಾಡುವುದು ಹೇಗೆ?

ಕಾರ್ಬನೇಟ್ ಆಮ್ಲದಲ್ಲಿ ಕರಗುತ್ತದೆ. ಷವರಿನ ತಲೆಯನ್ನೂ ಜಾಲರಿಯನ್ನೂ ಕಳಚಿ ವಿನೆಗರ್‌ನಲ್ಲಿ ನೆನೆಸಿ ತೊಳೆದರೆ ಸಾಕು. ಒಳಗಿನ ಕೊಳವೆಯ ಕೆಲಸ ಮೆಕ್ಯಾನಿಕ್‌ಗೆ ಬಿಡಿ. ಶೌಚಾಲಯ ತೊಳೆಯುವ ಆ್ಯಸಿಡ್ ಬಳಸಬೇಡಿ. ಅದು ಲೋಹವನ್ನೂ ತಿನ್ನುತ್ತದೆ, ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ವಿಷಕಾರಿ ಕ್ಲೋರಿನ್ ಬಿಡುತ್ತದೆ. ಬಿಸಿಯನ್ನು ಅಗತ್ಯಕ್ಕಿಂತ ಹೆಚ್ಚು ಇಡದಿದ್ದರೆ ಸುಣ್ಣ ಕಟ್ಟುವುದೂ ತಗ್ಗುತ್ತದೆ.

ಜೀವಕ್ಕೆ ಎರವಾಗುವ ತಡೆ

ನೀರಿನ ದಾರಿ ಕಟ್ಟಿದರೆ ಹಣ ನಷ್ಟ. ಗಾಳಿಯ ದಾರಿ ಕಟ್ಟಿದರೆ ಪ್ರಾಣಕ್ಕೇ ಕುತ್ತು. ಬರ್ನರಿನಲ್ಲಿ ಧೂಳು, ಜೇಡರ ಬಲೆ, ರೆಕ್ಕೆಗಳ ನಡುವೆ ಮಸಿ ತುಂಬಿದಾಗ, ಅಥವಾ ಮುಚ್ಚಿದ ಸ್ನಾನದ ಮನೆಯಲ್ಲಿ ಆಮ್ಲಜನಕ ಕಡಿಮೆಯಾದಾಗ, ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿಯದೆ ಹೋಗಬಹುದು.

ನೀಲಿ ಉರಿ ಹಳದಿಯಾದರೆ, ಮಸಿ ಕಂಡರೆ ಗೀಸರ್ ಬಳಕೆ ನಿಲ್ಲಿಸಿ ದುರಸ್ತಿ ಮಾಡಿಸಿ. ಆದರೆ ಉರಿ ನೀಲಿಯಾಗಿದೆ ಎಂದು ಬಾಗಿಲು, ಕಿಟಕಿ ಮುಚ್ಚಿಕೊಳ್ಳುವುದೂ ಸರಿಯಲ್ಲ. ಗೀಸರ್ ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ. ತಲೆ ಸುತ್ತಿದರೆ ಕೂಡಲೇ ಹೊರಗೆ ಬಂದು ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಹೋಗಿ. ನಿಮ್ಮ ಮನೆಯ ಗೀಸರ್ ಎಲ್ಲಿದೆ, ಉರಿಯ ಬಣ್ಣ ಯಾವುದು ಎಂದು ಇಂದೇ ಹಿರಿಯರ ಜೊತೆ ನೋಡಿ.

ಅಭ್ಯಾಸ

ನೀರಿನ ತಾತ್ಕಾಲಿಕ ಗಡಸುತನ ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ ಲೀಟರಿಗೆ 250 ಮಿಲಿಗ್ರಾಂ. ದಿನಕ್ಕೆ 100 ಲೀಟರ್ ಕಾಯಿಸುತ್ತೇವೆ. ಅದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಕೊಳವೆಗೆ ಅಂಟುತ್ತದೆ ಎಂದುಕೊಳ್ಳಿ. 365 ದಿನಗಳಲ್ಲಿ ಕಟ್ಟುವ ಸುಣ್ಣವೆಷ್ಟು? ಅದನ್ನು ಕರಗಿಸಲು 100 ಮಿಲಿಲೀಟರಿನಲ್ಲಿ 5 ಗ್ರಾಂ ಅಸಿಟಿಕ್ ಆಮ್ಲವಿರುವ ವಿನೆಗರ್ ಎಷ್ಟು ಬೇಕು? (ಅಣುತೂಕ: ಕ್ಯಾಲ್ಸಿಯಂ ಕಾರ್ಬನೇಟ್ 100, ಅಸಿಟಿಕ್ ಆಮ್ಲ 60. ಒಂದು ಮೋಲ್ ಕಾರ್ಬನೇಟ್‌ಗೆ ಎರಡು ಮೋಲ್ ಆಮ್ಲ ಬೇಕು.)

ಉತ್ತರ: ಸುಮಾರು 91 ಗ್ರಾಂ ಸುಣ್ಣ, ಸುಮಾರು 2.2 ಲೀಟರ್ ವಿನೆಗರ್.