ತೇವೀಸ ಅಂದರೆ ಮೂವತ್ತೆರಡಲ್ಲ

ಖಾನಾಪುರದಲ್ಲಿ ರವಿವಾರ ಬೆಳಿಗ್ಗೆ ನನ್ನ ಪಾಠಕ್ಕೆ ಬರುವ ಮೂರನೇ ತರಗತಿಯ ಹುಡುಗನಿಗೆ ಒಂದು ದಿನ ಅವನ ಅಜ್ಜಿ ನನ್ನೆದುರೇ ಕೂತು ಸಂಖ್ಯೆ ಹೇಳಿ ಬರೆಸುತ್ತಿದ್ದರು. ಅವರ ಮನೆಮಾತು ಮರಾಠಿ, ಹುಡುಗನ ಶಾಲೆ ಕನ್ನಡದ್ದು. ಅಜ್ಜಿ 'ತೇವೀಸ' ಅಂದರು. ಹುಡುಗ ಮೊದಲು 3 ಬರೆದ, ಅದರ ಬಲಕ್ಕೆ 2 ಬರೆದ. 'ಸತ್ತಾವೀಸ' ಅಂದರು, 72 ಬರೆದ. ಪಕ್ಕದಲ್ಲಿ ನಿಂತಿದ್ದ ತಾಯಿ, "ನೋಡ್ರಿ ಅಕ್ಕೋರ, ಹಿಂಗಽ ಮಾಡ್ತಾನ. ಇವಗ ಗಣಿತ ತಲೀಗೆ ಹತ್ತವಲ್ದು" ಅಂದರು. ನಾನು ಕನ್ನಡದಲ್ಲಿ 'ಇಪ್ಪತ್ತಮೂರು' ಅಂದೆ. ಹುಡುಗ ಒಂದು ಕ್ಷಣವೂ ತಡೆಯದೆ 23 ಬರೆದ.

ಆ ಹುಡುಗನ ತಲೆಯಲ್ಲಿ ಯಾವ ದೋಷವೂ ಇರಲಿಲ್ಲ. ಕನ್ನಡದಲ್ಲಿ ಹತ್ತರ ಸ್ಥಾನವನ್ನು ಮೊದಲು ಹೇಳುತ್ತೇವೆ, ಬಿಡಿಯನ್ನು ಆಮೇಲೆ. ಬರೆಯುವುದೂ ಅದೇ ಕ್ರಮದಲ್ಲಿ. ಮರಾಠಿಯ 'ತೇವೀಸ'ದಲ್ಲಿ ಮೂರು ಮೊದಲು ಬರುತ್ತದೆ, ಇಪ್ಪತ್ತು ಆಮೇಲೆ. ಹಿಂದಿ, ಉರ್ದುವಿನಲ್ಲೂ ಹಾಗೆಯೇ. ದೂರದ ಜರ್ಮನ್ ಭಾಷೆಯಲ್ಲೂ ಇಪ್ಪತ್ತಮೂರಕ್ಕೆ 'ಮೂರು ಮತ್ತು ಇಪ್ಪತ್ತು' ಎಂದೇ ಹೇಳುತ್ತಾರೆ, ಅಲ್ಲಿನ ಚಿಕ್ಕ ಮಕ್ಕಳೂ ಅಂಕಿ ಅದಲು ಬದಲು ಮಾಡುತ್ತಾರೆ. ಇಪ್ಪತ್ತೊಂಬತ್ತಕ್ಕೆ ಮರಾಠಿಯಲ್ಲಿ 'ಏಕೋಣತೀಸ', ಅಂದರೆ ಮೂವತ್ತಕ್ಕೆ ಒಂದು ಕಡಿಮೆ. 'ತೀಸ' ಎಂಬ ಸದ್ದು ಕಿವಿಗೆ ಬಿದ್ದ ಕೂಡಲೇ ಮಗು 3 ಬರೆದುಬಿಟ್ಟರೆ ಅದನ್ನು ಬೈಯುವುದು ಹೇಗೆ? ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ 2019ರಲ್ಲಿ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ 'ವೀಸ ತೀನ' (ಇಪ್ಪತ್ತು, ಮೂರು) ಎಂದು ಬಿಡಿಸಿ ಓದುವ ಕ್ರಮವನ್ನು ತಂದದ್ದು ಇದೇ ಕಾರಣಕ್ಕೆ. ದೊಡ್ಡ ಗಲಾಟೆಯೇ ಆಯಿತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದ ಗಣಿತಜ್ಞೆ ಮಂಗಲಾ ನಾರಳೀಕರ್ ಮಕ್ಕಳ ಪರವಾಗಿ ನಿಂತು ಅದನ್ನು ಸಮರ್ಥಿಸಿಕೊಂಡರು. ಅವರು ಹಿಡಿದದ್ದು ಸರಿಯಾದ ಎಳೆ ಎಂಬುದು ಗಡಿಯ ಈಚೆ ಕೂತು ಪಾಠ ಮಾಡುವ ನನ್ನ ಅನುಭವ.

ಕನ್ನಡದ ಮಕ್ಕಳಿಗೂ ಅವರದೇ ಆದ ತೊಡಕುಗಳಿವೆ. 'ಹತ್ತೊಂಬತ್ತು', 'ತೊಂಬತ್ತು' ಎರಡೂ ಒಂದೇ ಸದ್ದಿನಲ್ಲಿ ಮುಗಿಯುತ್ತವೆ. ಬೇಗ ಬೇಗ ಹೇಳಿ ಬರೆಸಿದರೆ 19ರ ಜಾಗದಲ್ಲಿ 90 ಬರುತ್ತದೆ.

ಆ ಹುಡುಗನಿಗೆ ನಾನು ಮಾಡಿದ್ದು ಇಷ್ಟೇ. ಕಸಬರಿಗೆಯ ಕಡ್ಡಿ ಮುರಿದು ಹತ್ತು ಹತ್ತರ ಕಟ್ಟು ಕಟ್ಟಿಸಿದೆ. ಎರಡು ಕಟ್ಟು ಎಡಕ್ಕೆ, ಮೂರು ಬಿಡಿ ಕಡ್ಡಿ ಬಲಕ್ಕೆ. ಅದನ್ನು ತೇವೀಸ ಅನ್ನು, ಇಪ್ಪತ್ತಮೂರು ಅನ್ನು, ಆದರೆ ಕಡ್ಡಿ ಇಟ್ಟ ಮೇಲೆಯೇ ಪೆನ್ಸಿಲ್ ಹಿಡಿ ಎಂದೆ. ಮೂರು ವಾರ ಹಿಡಿಯಿತು. ಅಜ್ಜಿಗೆ ಮರಾಠಿ ಬಿಡಿ ಎಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಮಗು ಎಣಿಸಲು ಕಲಿತ ಭಾಷೆಯನ್ನು ಕಿತ್ತುಕೊಂಡರೆ ಅದಕ್ಕೆ ನಿಲ್ಲಲು ನೆಲವೇ ಇರುವುದಿಲ್ಲ.

ವಾರದ ದಿನಗಳಲ್ಲಿ ಬೆಳಗಾವಿಯ ತಿಲಕವಾಡಿಯಲ್ಲಿ, ರವಿವಾರ ಖಾನಾಪುರದಲ್ಲಿ ಪಾಠ ಮಾಡುತ್ತೇನೆ. ಆರು ವರ್ಷದವರಿಂದ ಹದಿನೆಂಟರವರೆಗೆ ಎಲ್ಲ ವಯಸ್ಸಿನವರೂ ಬರುತ್ತಾರೆ. ಮೊದಲ ಭೇಟಿಯಲ್ಲಿ ತಂದೆತಾಯಿ ಕೇಳುವುದು ಬಹುತೇಕ ಒಂದೇ ಪ್ರಶ್ನೆ: "ಇವಳು ಏಳನೇ ತರಗತಿ. ಪರೀಕ್ಷೆಯೊಳಗೆ ಪೋರ್ಷನ್ ಮುಗಿಸ್ತೀರಲ್ಲ?" ನಾನು ಕೇಳುವ ಪ್ರಶ್ನೆ ಬೇರೆ. ಇವಳಿಗೆ ಗಣಿತ ಕೊನೆಯ ಸಲ ಸಲೀಸಾಗಿದ್ದದ್ದು ಯಾವಾಗ? ಏಳನೇ ತರಗತಿಯ ಹುಡುಗಿಯ ಎಳೆ ನಾಲ್ಕನೆಯದರಲ್ಲಿ ಕಡಿದಿದ್ದರೆ ನಾವು ಹೋಗಬೇಕಾದದ್ದು ನಾಲ್ಕನೆಯದಕ್ಕೆ. ಇತಿಹಾಸದಲ್ಲಿ ಒಂದು ಪಾಠ ತಪ್ಪಿದರೆ ಮುಂದಿನದನ್ನು ಓದಬಹುದು. ಗಣಿತದಲ್ಲಿ ಹಾಗಾಗುವುದಿಲ್ಲ.

ಎಳೆ ಕಡಿಯಲು ದೊಡ್ಡ ಕಾರಣವೇ ಬೇಕೆಂದಿಲ್ಲ. ಖಾನಾಪುರ ತಾಲ್ಲೂಕಿನಲ್ಲಿ ನಾನು ಮೊದಲು ವಿಚಾರಿಸುವುದು ಮಳೆಯನ್ನು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ, ಜಾಂಬೋಟಿಯ ಕಡೆ ಜುಲೈನಲ್ಲಿ ಹಳ್ಳ ಉಕ್ಕಿದರೆ ಬಸ್ಸಿಲ್ಲ, ಶಾಲೆಗೆ ರಜೆ. ಕಾಡಂಚಿನ ಮಗುವಿಗೆ ರಜೆ ಮುಗಿದ ಮೇಲೂ ನಾಲ್ಕು ದಿನ ಜ್ವರ. ಅಷ್ಟರಲ್ಲಿ ತರಗತಿಯಲ್ಲಿ ಒಂದು ಅಧ್ಯಾಯ ಮುಗಿದಿರುತ್ತದೆ. ಯಾವ ವರ್ಷ, ಯಾವ ತಿಂಗಳು ಎಂದು ತಾಯಿಯ ಹತ್ತಿರ ಕೂತು ಲೆಕ್ಕ ಹಾಕಿದರೆ ಎಷ್ಟೋ ಸಲ 'ದಡ್ಡತನ'ದ ಮೂಲ ಅಂಥ ಒಂದೆರಡು ವಾರದಲ್ಲಿ ಸಿಗುತ್ತದೆ.

ಹತ್ತರಿಂದ ಹದಿಮೂರರ ವಯಸ್ಸಿನಲ್ಲಿ ನಾನು ಅತಿ ಹೆಚ್ಚು ಸಮಯ ಕಳೆಯುವುದು ಭಿನ್ನರಾಶಿಯ ಜೊತೆ. ತಿಲಕವಾಡಿಯ ಆರನೇ ತರಗತಿಯ ಹುಡುಗಿಯೊಬ್ಬಳು ಅರ್ಧ ಮತ್ತು ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬರೆದಿದ್ದಳು. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಳು. ನಾನು ಅಳಿಸಲಿಲ್ಲ. "ನಿನ್ನ ತಾಟಿನಲ್ಲಿ ಅರ್ಧ ರೊಟ್ಟಿ ಇತ್ತು. ಅವ್ವ ಇನ್ನೂ ಮೂರನೇ ಒಂದು ಭಾಗ ಹಾಕಿದಳು. ಈಗ ಎಷ್ಟಾಯಿತು?" ಎಂದೆ. ಐದನೇ ಎರಡು ಅಂದಳು. "ಐದನೇ ಎರಡು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?" ಕಾಗದದಲ್ಲಿ ಉದ್ದದ ಪಟ್ಟಿ ಕತ್ತರಿಸಿ ಐದು ಭಾಗ ಮಡಚಿದಳು. ಎರಡು ಭಾಗ ಎಣಿಸಿದಳು. ಸುಮ್ಮನಾದಳು. ಆಮೇಲೆ ಬಹಳ ಮೆಲ್ಲಗೆ, "ಟೀಚರ್, ಅವ್ವ ಹಾಕಿದ ಮ್ಯಾಲೆ ರೊಟ್ಟಿ ಕಡಿಮಿ ಆಗೇದಲ್ರೀ" ಅಂದಳು. ಲಘುತಮ ಸಾಮಾನ್ಯ ಅಪವರ್ತ್ಯವನ್ನು ಹೇಳಿಕೊಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ಅಷ್ಟರವರೆಗೆ ಅದು ಅವಳಿಗೆ ಬೇಕೇ ಆಗಿರಲಿಲ್ಲ. ಈಗ ಅವಳೇ ಕೇಳುತ್ತಿದ್ದಳು.

ಈ ವಯಸ್ಸಿನವರ ತಂದೆತಾಯಿಗೆ ನನ್ನದೊಂದು ಕೋರಿಕೆಯಿದೆ. ಮನೆಯಲ್ಲಿರುವ ಗಣಿತವನ್ನು ಮಗುವಿನ ಕಿವಿಗೆ ಬೀಳಿಸಿ. ನಮ್ಮ ಭಾಗದ ಅಂಗಡಿಗಳಲ್ಲಿ ಇವತ್ತಿಗೂ ಪಾವ ಕಿಲೋ, ದೀಡ ಕಿಲೋ, ಅಡೀಚ ಕಿಲೋ ಎಂಬ ಮಾತಿದೆ. ಬೆಳಗಾವಿಯ ರವಿವಾರ ಪೇಟೆಯಲ್ಲಿ ಕಿಲೋಗೆ 60 ರೂಪಾಯಿಯ ಬೆಲ್ಲವನ್ನು ಅಡೀಚ, ಅಂದರೆ ಎರಡೂವರೆ, ಕಿಲೋ ತೂಗಿಸಿದ ಅಜ್ಜಿ, ಶಾಲೆಯ ಮೆಟ್ಟಿಲು ಹತ್ತದವಳಾದರೂ, ಅರವತ್ತು, ಅರವತ್ತು, ಮೇಲೆ ಮೂವತ್ತು ಎಂದು ತಕ್ಕಡಿ ಇಳಿಯುವ ಮೊದಲೇ ನೂರೈವತ್ತು ತೆಗೆದಿಟ್ಟಿರುತ್ತಾಳೆ. ಮೊಮ್ಮಗ ನೋಟ್‌ಬುಕ್ಕಿನಲ್ಲಿ 2.5 × 60 ಬರೆದು ದಶಮಾಂಶ ಬಿಂದು ಎಲ್ಲಿಡಬೇಕೆಂದು ಒದ್ದಾಡುತ್ತಾನೆ. ಎರಡೂ ಒಂದೇ ಲೆಕ್ಕ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಅಜ್ಜಿಯೇ ಹೇಳಲಿ.

ಹದಿನಾಲ್ಕು ದಾಟಿದ ಮೇಲೆ ಕಷ್ಟದ ಬಗೆ ಬದಲಾಗುತ್ತದೆ. ಸಣ್ಣ ಮಗು ತಪ್ಪು ಮಾಡಿ ನಗುತ್ತದೆ. ಹದಿನೈದರ ಹುಡುಗ ತಪ್ಪನ್ನು ಕೈಯಿಂದ ಮುಚ್ಚಿಕೊಳ್ಳುತ್ತಾನೆ. ವರ್ಗ ಸಮೀಕರಣ ಬಿಡಿಸಲು ಬಂದವನು 5ರಿಂದ (ಎಕ್ಸ್ − 3) ಕಳೆ ಎಂದರೆ 2 − ಎಕ್ಸ್ ಬರೆಯುತ್ತಾನೆ. ಉತ್ತರ 8 − ಎಕ್ಸ್. ಆವರಣದ ಹೊರಗಿನ ಋಣ ಚಿಹ್ನೆ ಒಳಗಿನ ಎರಡೂ ಪದಗಳಿಗೆ ತಾಗುತ್ತದೆ ಎಂಬ ಏಳನೇ ತರಗತಿಯ ಸುಮಾರಿನ ಮಾತು ಅವನಿಗೆ ತಪ್ಪಿಹೋಗಿದೆ. ಅದು ನನಗೆ ಗೊತ್ತು, ಅವನಿಗೂ ಗೊತ್ತು. ಆದರೆ ಏಳನೇ ತರಗತಿಯ ಪುಸ್ತಕವನ್ನು ಗೆಳೆಯರೆದುರು ಅವನ ಮುಂದಿಟ್ಟರೆ ಮರುದಿನ ಅವನು ಬರುವುದಿಲ್ಲ. ಹಾಗಾಗಿ ಹಳೆಯ ಪಾಠವನ್ನು ಬಿಡಿ ಹಾಳೆಯಲ್ಲಿ, ತರಗತಿಯ ಹೆಸರಿಲ್ಲದೆ, ಹತ್ತನೆಯದರ ಲೆಕ್ಕದ ಮಧ್ಯೆ ಸೇರಿಸುತ್ತೇನೆ. ಅವನು ಬಲ್ಲವನಾಗಿರುವ ಜಾಗವನ್ನೂ ಹುಡುಕುತ್ತೇನೆ. ತಿಲಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಸಂಜೆ ಕ್ರಿಕೆಟ್ ಆಡುವ ಹುಡುಗನೊಬ್ಬ ದಶಮಾಂಶವೆಂದರೆ ಮುಖ ತಿರುಗಿಸುತ್ತಿದ್ದ. 4.3 ಓವರ್‌ಗೆ 36 ರನ್ ಆದರೆ ರನ್‌ರೇಟ್ ಎಷ್ಟು ಎಂದು ಕೇಳಿದೆ. "ಎಂಟು" ಅಂದ, ಥಟ್ಟನೆ. 36ನ್ನು 4.3ರಿಂದ ಭಾಗಿಸಿದರೆ ಎಂಟು ಬರುವುದಿಲ್ಲವಲ್ಲ ಎಂದೆ. ಓವರ್‌ಗೆ ಆರೇ ಎಸೆತ, ಮೂರು ಎಸೆತವೆಂದರೆ ಅರ್ಧ ಓವರ್, ಅಂದರೆ ಅದು ನಾಲ್ಕೂವರೆ ಎಂದು ನನಗೇ ಅರ್ಧ ಗಂಟೆ ಪಾಠ ಮಾಡಿದ. ಬಿಂದುವಿನ ಆಚೆಗಿರುವುದು ಹತ್ತನೆಯ ಭಾಗವೋ ಆರನೆಯ ಭಾಗವೋ ಎಂಬ ಪ್ರಶ್ನೆಯನ್ನು ಅವತ್ತು ಎತ್ತಿದವನು ಅವನೇ.

ಎಸ್‌ಎಸ್‌ಎಲ್‌ಸಿ ಮಕ್ಕಳ ಪೋಷಕರು ತುಸು ಉಸಿರು ಬಿಡಬೇಕು. ಗಣಿತದ ಲಿಖಿತ ಪರೀಕ್ಷೆ 80 ಅಂಕಗಳದ್ದು, 20 ಆಂತರಿಕ ಮೌಲ್ಯಮಾಪನದ್ದು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಮಾರ್ಚ್ ತಿಂಗಳೇ ಬಾಳಿನ ಕೊನೆ ಎಂಬಂತೆ ಮನೆಯಲ್ಲಿ ಮಾತಾಡಬೇಡಿ. ಎಂಟನೇ ತರಗತಿಯಿಂದಲೇ ಐಐಟಿ ಕೋಚಿಂಗ್‌ಗೆ ಹಾಕಲೇ ಎಂದು ಕೇಳುವವರಿಗೆ ನನ್ನ ಉತ್ತರ ಬೇಡ ಎಂದೇ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯೂ 16 ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು ಎನ್ನುತ್ತದೆ. ಆ ವರ್ಷಗಳು ಆವರಣ ಚಿಹ್ನೆಗೂ ಭಿನ್ನರಾಶಿಗೂ ಸಲ್ಲಲಿ.

ಪಿಯುಸಿಗೆ ಬಂದಾಗ ಇನ್ನೊಂದು ಹೊಳೆ ದಾಟಬೇಕು. ಖಾನಾಪುರದ ಕನ್ನಡ ಶಾಲೆಯಿಂದಲೋ ಮರಾಠಿ ಶಾಲೆಯಿಂದಲೋ ಬಂದು ಬೆಳಗಾವಿಯಲ್ಲಿ ವಿಜ್ಞಾನ ಸೇರಿದ ಮಕ್ಕಳಿಗೆ ಎಲ್ಲವೂ ಇಂಗ್ಲಿಷ್. ಸಮಾಂತರ ಶ್ರೇಢಿಯಲ್ಲಿ ಪೂರ್ತಿ ಅಂಕ ತೆಗೆದ ಹುಡುಗಿ 'ಅರಿಥ್ಮೆಟಿಕ್ ಪ್ರೊಗ್ರೆಷನ್' ಎಂಬುದನ್ನು ಹೊಸ ಪಾಠವೆಂದು ತಿಳಿದು ಬೆದರಿ ಕೂತದ್ದನ್ನು ಕಂಡಿದ್ದೇನೆ. ಮೊದಲ ಆರು ವಾರ ನಾನು ಹೊಸ ಲೆಕ್ಕಕ್ಕಿಂತ ಹೆಚ್ಚಾಗಿ ಒಂದು ನೋಟ್‌ಬುಕ್ ಮಾಡಿಸುತ್ತೇನೆ. ಎಡಕ್ಕೆ ಅವರ ಮಾತು, ಬಲಕ್ಕೆ ಇಂಗ್ಲಿಷ್: ಬಹುಪದೋಕ್ತಿ, ಪಾಲಿನೋಮಿಯಲ್, ನಿರ್ದೇಶಾಂಕ, ಕೋಆರ್ಡಿನೇಟ್. ಮರಾಠಿ ಮಕ್ಕಳು ಭಿನ್ನರಾಶಿಗೆ 'ಅಪೂರ್ಣಾಂಕ' ಎನ್ನುತ್ತಾರೆ, ಆದರೆ ಅಂಶ, ಛೇದ ಇಬ್ಬರಿಗೂ ಒಂದೇ. ಅಕ್ಕಪಕ್ಕ ಕೂರಿಸಿದರೆ ಇಬ್ಬರೂ ಒಬ್ಬರ ನೋಟ್‌ಬುಕ್ಕನ್ನು ಇನ್ನೊಬ್ಬರು ಇಣುಕುತ್ತಾರೆ. 'ಕನ್ನಡ ಶಾಲೆಗೆ ಹಾಕಿ ತಪ್ಪು ಮಾಡಿದೆವು' ಎಂದು ಮಾತ್ರ ಈ ದಿನಗಳಲ್ಲಿ ಮಗಳ ಕಿವಿಗೆ ಬೀಳುವಂತೆ ಆಡಬೇಡಿ. ಅವಳಿಗೆ ಗಣಿತ ಗೊತ್ತಿದೆ, ಹೆಸರುಗಳಷ್ಟೇ ಹೊಸವು.

ಮನೆಯಲ್ಲಿ ನೀವೇ ಹೇಳಿಕೊಡಬೇಕೋ ಬೇಡವೋ ಎಂಬುದು ನಿಮ್ಮ ಮನಸ್ಸಿನ ಸ್ಥಿತಿಯ ಮೇಲಿದೆ. ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಒಂದು ಮತ್ತು ಎರಡನೇ ತರಗತಿಯ ಮಕ್ಕಳನ್ನು ನೋಡಿತ್ತು. ಗಣಿತದ ಭಯವಿದ್ದ ತಂದೆತಾಯಿ ಮೇಲಿಂದ ಮೇಲೆ ಹೋಂವರ್ಕ್‌ಗೆ ಕೂತಷ್ಟೂ ಆ ಮಕ್ಕಳ ಕಲಿಕೆ ಕುಗ್ಗಿತ್ತು, ಭಯವೂ ಬೆಳೆದಿತ್ತು. ನಿಮಗೆ ಲೆಕ್ಕ ಕಂಡರೆ ಎದೆ ಡವಗುಟ್ಟುತ್ತಿದ್ದರೆ ಪಕ್ಕದಲ್ಲಿ ಕೂತು ಕಾಳು ಆರಿಸಿ, ಮಗು ತಾನು ಮಾಡಿದ್ದನ್ನು ನಿಮಗೆ ಹೇಳಲಿ. ಕೇಳುವವರಿದ್ದರೆ ಅರ್ಧ ತಪ್ಪನ್ನು ಮಕ್ಕಳು ತಾವೇ ಹಿಡಿಯುತ್ತಾರೆ.

ಮನೆಪಾಠಕ್ಕೆ ಕಳಿಸುವುದೇ ಆದರೆ ಮಗುವಿನ ಶಾಲೆಯ ಶಿಕ್ಷಕರನ್ನೇ ಒತ್ತಾಯಿಸಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸುತ್ತದೆ. ಬೇರೆಯವರ ಹತ್ತಿರ ಹೋದಾಗ ಒಂದು ದಿನ ಮೂಲೆಯಲ್ಲಿ ಕೂತು ನೋಡಿ. ಮಗು ತಪ್ಪು ಉತ್ತರ ಹೇಳಿದಾಗ ಅವರು 'ಹೇಗೆ ಮಾಡಿದೆ?' ಎಂದು ಕೇಳುತ್ತಾರೋ, ಸರಿ ಉತ್ತರವನ್ನು ಬರೆದುಬಿಡುತ್ತಾರೋ? ನಾನು ಅಷ್ಟನ್ನೇ ನೋಡುತ್ತೇನೆ. ಬೋರ್ಡಿನ ಗಾತ್ರ, ಕಳೆದ ವರ್ಷದ ಫಲಿತಾಂಶದ ಬ್ಯಾನರ್ ಇವುಗಳಿಂದ ಏನೂ ತಿಳಿಯುವುದಿಲ್ಲ.

ಖಾನಾಪುರದಲ್ಲಿ ಜಾಗ ಒಂದೇ ಕೋಣೆ. ಹಾಗಾಗಿ ಎಲ್ಲ ವಯಸ್ಸಿನವರೂ ಒಟ್ಟಿಗೆ ಕೂರುತ್ತಾರೆ. ಮೊದಮೊದಲು ಇದು ನನಗೆ ತಲೆನೋವಾಗಿತ್ತು, ಈಗ ವಾರವಿಡೀ ಕಾಯುವ ದಿನ ಅದೇ. ಕಳೆದ ಮಳೆಗಾಲದಲ್ಲಿ ಬಾಗಿಲ ಮುಂದೆ ನಿಂತ ಬಸ್ಸಿನ ಸಂಖ್ಯೆ 2231 ಎಂದು ಒಬ್ಬ ಓದಿದ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ, ಬಂದ ಉತ್ತರಕ್ಕೂ ಹಾಗೇ ಮಾಡುತ್ತಾ ಹೋಗಿ ಎಂದೆ. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ. ರಾ. ಕಾಪ್ರೇಕರ್ ಕಂಡುಹಿಡಿದ ಆಟ ಇದು. ತೇವೀಸ ತಿರುಗಿಸಿ ಬರೆಯುತ್ತಿದ್ದ ಹುಡುಗ ಕೈ ಸಾಲ ಪಡೆಯುತ್ತಾ ಕಳೆದ: 3221ರಲ್ಲಿ 1223 ಹೋದರೆ 1998. ಆಮೇಲೆ 8082, ಆಮೇಲೆ 8532, ಆಮೇಲೆ 6174. ಇನ್ನೊಮ್ಮೆ ಕಳೆದರೂ 6174. ತಪ್ಪಾಯಿತೇನೋ ಎಂದು ಅಳಿಸಲು ಹೊರಟ. ಐದನೆಯದರ ಹುಡುಗಿ ಅವಳ ಮನೆಯ ಬೈಕಿನ ಸಂಖ್ಯೆ ಹಿಡಿದಳು, ಅದೂ ಅಲ್ಲಿಗೇ ಬಂತು. ನಾಲ್ಕೂ ಅಂಕಿ ಒಂದೇ ಆಗಿರದಿದ್ದರೆ ಸಾಕು, ಏಳು ಹೆಜ್ಜೆಯೊಳಗೆ ಬಂದೇ ಬರುತ್ತದೆ. ಬಂದ ಪ್ರತಿ ಉತ್ತರದ ಅಂಕಿಗಳನ್ನು ಕೂಡಿಸಿದರೆ 18 ಅಥವಾ 27 ಆಗುತ್ತಿದೆ ಎಂದು ಕಂಡದ್ದು ಅವಳೇ. ಗೋಡೆಗೊರಗಿ ಕೂತಿದ್ದ ಪಿಯುಸಿ ಹುಡುಗ ಪೆನ್ನು ತೆಗೆದ. ಅಂಕಿಗಳಿಗೆ ಎ, ಬಿ, ಸಿ, ಡಿ ಎಂದು ಹೆಸರಿಟ್ಟು ಕಳೆದರೆ 999 × (ಎ − ಡಿ) + 90 × (ಬಿ − ಸಿ) ಬರುತ್ತದೆ, ಎರಡೂ ಒಂಬತ್ತರಿಂದ ಭಾಗವಾಗುತ್ತವೆ ಎಂದು ಹಾಳೆ ತೋರಿಸಿದ.

ಮೂರನೆಯದರ ಹುಡುಗ ಹಾಳೆಯನ್ನು ಎಳೆದುಕೊಂಡು ನೋಡಿದ. "ಅಣ್ಣಾ, ಇದರಾಗ ಎ ಅಂದ್ರ ನನ್ನ 3 ಹೌದಲ್ಲ?" ಎಂದ. ಹೌದು ಅಂದ ಅವನು. ಹಿಂದೆ ಕೂತಿದ್ದ ತಾಯಿ ಅವರಿಬ್ಬರ ಹತ್ತಿರ ಸರಿದು ಕೂತರು. ಅವರ ಕೈಯಲ್ಲೂ ಒಂದು ಪೆನ್ಸಿಲ್ ಇತ್ತು.